ಜನಾಂಗೀಯ ಹಿಂಸೆಯ ನಂತರ: ನಿರಾಶ್ರಿತರ ನೆರವು ಮತ್ತು ದುಡಿಮೆಯ ಮರುಕಟ್ಟಣೆಗೊಂದು ಕೈಪಿಡಿ

ನೆರೆ ಬಂದು ಊರು ಬಿಟ್ಟವರಿಗೂ ನೆರೆಮನೆಯವರೇ ಮೇಲೆ ಬಿದ್ದು ಊರು ಬಿಟ್ಟವರಿಗೂ ಬೇಕಾಗುವ ನೀರು ಒಂದೇ, ಊಟ ಒಂದೇ. ಕೊಡುವ ಬಗೆ ಮಾತ್ರ ಬೇರೆ. ನೆರೆ ಇಳಿದ ಮೇಲೆ ಜನ ಹೆಚ್ಚಾಗಿ ಅದೇ ಮನೆಗೆ, ಅದೇ ಹೊಲಕ್ಕೆ ಮರಳುತ್ತಾರೆ. ಜನಾಂಗೀಯ ಹಿಂಸೆಯಲ್ಲಿ ಮನೆಗೆ ಬೆಂಕಿ ಇಟ್ಟವನ ಮುಖ ಗೊತ್ತಿರುತ್ತದೆ, ಹೊಲದಲ್ಲಿ ಬೇರೆಯವರು ಉಳುತ್ತಿರುತ್ತಾರೆ, ಸಂತೆಗೆ ಹೋಗುವ ದಾರಿಯಲ್ಲಿ ಯಾರೋ ತಡೆದು ಹೆಸರು ಕೇಳುತ್ತಾರೆ. ನೆರವಿನ ಲಾರಿ ಯಾವ ದಾರಿಯಿಂದ ಬಂತು, ಪಟ್ಟಿ ಬರೆದವನು ಯಾವ ಕಡೆಯವನು, ಚೀಲ ಇಳಿಸಿದ ಕೂಲಿ ಯಾರ ಜೇಬಿಗೆ ಹೋಯಿತು ಎಂಬುದನ್ನೆಲ್ಲ ಎರಡೂ ಕಡೆಯವರು ಮನಸ್ಸಿನಲ್ಲೇ ಲೆಕ್ಕ ಇಡುತ್ತಾರೆ. ಹಾಗಾಗಿ ಎಷ್ಟು ಕೊಟ್ಟಿರಿ ಎಂಬುದಕ್ಕಿಂತ ಯಾರ ಕೈಯಿಂದ ಕೊಟ್ಟಿರಿ ಎಂಬುದೇ ಇಲ್ಲಿ ದೊಡ್ಡದು.

ಈ ಕೈಪಿಡಿ ಸಣ್ಣ ಮತ್ತು ಮಧ್ಯಮ ಗಾತ್ರದ ಸಂಸ್ಥೆಗಳಲ್ಲಿ ನೆಲದ ಮೇಲೆ ನಿಂತು ಕೆಲಸ ಮಾಡುವವರಿಗಾಗಿ. ಅಳತೆಗಳು ಬಹುಪಾಲು ಸ್ಫಿಯರ್ ಮಾನದಂಡಗಳವು. ನೆರವಿನ ಸಂಸ್ಥೆಗಳೇ ಸೇರಿ 1997ರಲ್ಲಿ ಆರಂಭಿಸಿದ ಈ ಕನಿಷ್ಠ ಅಳತೆಗಳನ್ನು ಈಗ ಜಗತ್ತಿನ ಎಲ್ಲೆಡೆ ಬಳಸುತ್ತಾರೆ. ಲೆಕ್ಕಗಳನ್ನು 5,000 ಜನರ ಶಿಬಿರವೊಂದನ್ನು ಇಟ್ಟುಕೊಂಡು ತೋರಿಸಲಾಗಿದೆ.

ಮೊದಲು ಕಾನೂನಿನ ಒಂದು ಗೆರೆ

ಗಡಿ ದಾಟಿ ಬಂದವರು ನಿರಾಶ್ರಿತರು. ದೇಶದೊಳಗೇ ಬೇರೆಡೆಗೆ ಓಡಿದವರು ಆಂತರಿಕ ಸ್ಥಳಾಂತರಿತರು. ಗುಡಾರದೊಳಗೆ ಕೂತಾಗ ಇಬ್ಬರ ಕಷ್ಟವೂ ಒಂದೇ, ದುಡಿಮೆಯ ಮಾತು ಬಂದಾಗ ದಾರಿ ಕವಲೊಡೆಯುತ್ತದೆ. 1951ರ ನಿರಾಶ್ರಿತರ ಒಪ್ಪಂದದ 17, 18 ಮತ್ತು 19ನೇ ವಿಧಿಗಳು ಕೂಲಿ ಕೆಲಸ, ಸ್ವಂತ ಉದ್ಯೋಗ ಮತ್ತು ವೃತ್ತಿಗಳ ಹಕ್ಕನ್ನು ಹೇಳುತ್ತವೆ. ಆದರೆ ಹೆಚ್ಚು ನಿರಾಶ್ರಿತರಿರುವ ಹಲವು ದೇಶಗಳು ಅದಕ್ಕೆ ಸಹಿ ಹಾಕಿಲ್ಲ. ಜೋರ್ಡಾನ್, ಲೆಬನಾನ್, ಬಾಂಗ್ಲಾದೇಶ ಅಂಥವು. ಆಂತರಿಕ ಸ್ಥಳಾಂತರಿತರು ಅದೇ ದೇಶದ ಪ್ರಜೆಗಳು, ಕಾಗದದ ಮೇಲೆ ಅವರ ಹಕ್ಕು ಹಾಗೇ ಇದೆ. ಅವರ ವಿಷಯದಲ್ಲಿ ಸರ್ಕಾರದ ಮುಂದಿಡಲು 1998ರ ವಿಶ್ವಸಂಸ್ಥೆಯ ಮಾರ್ಗದರ್ಶಿ ತತ್ವಗಳಿವೆ. ತರಬೇತಿಗೋ ಉಪಕರಣಕ್ಕೋ ಹಣ ಹೊಂದಿಸುವ ಮೊದಲೇ ನಾಲ್ಕು ಪ್ರಶ್ನೆಗಳಿಗೆ ವಕೀಲರೊಬ್ಬರಿಂದ ಲಿಖಿತ ಉತ್ತರ ಪಡೆಯಿರಿ: ಇವರು ಶಿಬಿರದ ಹೊರಗೆ ಹೋಗಿ ದುಡಿಯಬಹುದೇ? ಅಂಗಡಿಯ ಪರವಾನಗಿ ಇವರ ಹೆಸರಿಗೆ ಸಿಗುತ್ತದೆಯೇ? ಬ್ಯಾಂಕ್ ಖಾತೆ ಅಥವಾ ಮೊಬೈಲ್ ಸಿಮ್ ತೆಗೆಯಬಹುದೇ? ಭೂಮಿಯನ್ನು ಗುತ್ತಿಗೆಗೆ ಹಿಡಿಯಬಹುದೇ? ಈ ಉತ್ತರಗಳಿಲ್ಲದೆ ಆರು ತಿಂಗಳ ತರಬೇತಿ ಮುಗಿಸಿ, ಕೊನೆಗೆ ಪ್ರಮಾಣಪತ್ರ ಹಿಡಿದವರನ್ನು ಪೊಲೀಸರು ಹಿಡಿಯುವುದನ್ನು ನೋಡಬೇಕಾದೀತು.

ಪಟ್ಟಿ ಯಾರ ಕೈಯಲ್ಲಿ

1994ರ ಜುಲೈಯಲ್ಲಿ ರುವಾಂಡಾದಿಂದ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಗಡಿ ದಾಟಿ, ಆಗ ಜೈರ್ ಎನ್ನುತ್ತಿದ್ದ ಇಂದಿನ ಕಾಂಗೋದ ಗೋಮಾ ಪಟ್ಟಣದ ಸುತ್ತಮುತ್ತ ಸೇರಿದರು. ಅವಸರದಲ್ಲಿ ಪಡಿತರವನ್ನು ಹಳೆಯ ಊರ ಮುಖಂಡರ ಮೂಲಕವೇ ಹಂಚಲಾಯಿತು. ಆ ಮುಖಂಡರಲ್ಲಿ, ಅದೇ ವರ್ಷ ರುವಾಂಡಾದಲ್ಲಿ ನಡೆದ ಟುಟ್ಸಿ ಜನಾಂಗದವರ ನರಮೇಧಕ್ಕೆ ಕೈ ಹಾಕಿದವರೂ ಇದ್ದರು. ತಲೆ ಲೆಕ್ಕ ಉಬ್ಬಿಸಿದರು, ಉಳಿದ ಧಾನ್ಯ ಮಾರಿದರು, ಊರಿಗೆ ಮರಳುತ್ತೇನೆ ಎಂದವರನ್ನು ಹೆದರಿಸಿ ಹಿಡಿದಿಟ್ಟರು. ಇದನ್ನು ಕಂಡು ಕೆಲವು ಸಂಸ್ಥೆಗಳು ಕೆಲಸ ನಿಲ್ಲಿಸಿ ಹೊರಬಂದವು. ಪಟ್ಟಿ ಇದ್ದವನ ಕೈಯಲ್ಲಿ ಹೊಟ್ಟೆ ಇರುತ್ತದೆ, ಹೊಟ್ಟೆ ಇದ್ದವನ ಕೈಯಲ್ಲಿ ಜನ.

ಆದ್ದರಿಂದ ಮೊದಲ ವಾರ ಮುಖಂಡರ ಪಟ್ಟಿಯಿಂದಲೇ ಹೊರಡಬೇಕಾಗಿ ಬಂದರೂ, ಒಂದು ತಿಂಗಳೊಳಗೆ ಮನೆಮನೆ ನೋಂದಣಿ ಮುಗಿಸಿ ಪಡಿತರವನ್ನು ನೇರ ಕುಟುಂಬದ ಕೈಗೆ ಕೊಡುವ ಏರ್ಪಾಡು ಮಾಡಿ. ಅಲ್ಲಿಯವರೆಗೆ ಅಂದಾಜು ಎಣಿಕೆ ಸಾಕು. ಎಲ್ಲ ಸೂರುಗಳನ್ನೂ ಎಣಿಸಿ, ಅವುಗಳಲ್ಲಿ ಮೂವತ್ತನ್ನು ಚೀಟಿ ಎತ್ತಿ ಆರಿಸಿ, ಅಲ್ಲಿ ರಾತ್ರಿ ಮಲಗುವವರ ಸರಾಸರಿ ತೆಗೆದು ಗುಣಿಸಿ. 1,050 ಸೂರು, ಸರಾಸರಿ 4.8 ಬಂದರೆ 5,040 ಜನ. ಈ ಲೆಕ್ಕವನ್ನು ತಾಳೆ ನೋಡಲು ದಡಾರ ಲಸಿಕೆಯ ದಿನ ಒಳ್ಳೆಯ ಅವಕಾಶ: ಐದು ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ ಒಟ್ಟು ಜನರಲ್ಲಿ ಶೇ. 15ರಿಂದ 20. ಪಟ್ಟಿಯಲ್ಲಿ 9,000 ಜನರಿದ್ದು ಲಸಿಕೆಗೆ 850 ಚಿಕ್ಕ ಮಕ್ಕಳಷ್ಟೇ ಬಂದರೆ ಎರಡರಲ್ಲೊಂದು ಸುಳ್ಳು.

ನೋಂದಣಿ ಪುಸ್ತಕದಲ್ಲಿ ಏನಿರಬೇಕು ಎಂಬುದಕ್ಕಿಂತ ಏನಿರಬಾರದು ಎಂಬುದನ್ನು ಮೊದಲು ತೀರ್ಮಾನಿಸಿ. ಜನಾಂಗದ ಕಾಲಂ ಬೇಡ. ರುವಾಂಡಾದ ಗುರುತಿನ ಚೀಟಿಗಳಲ್ಲಿ ಜನಾಂಗ ನಮೂದಾಗಿತ್ತು. 1994ರಲ್ಲಿ ರಸ್ತೆ ತಡೆಗಳಲ್ಲಿ ಆ ಚೀಟಿ ನೋಡಿಯೇ ಕೊಂದರು. ಯಾವ ಊರಿನಿಂದ ಬಂದರು ಎಂಬುದು ಬೇಕೇ ಬೇಕಾದರೆ ಅದನ್ನು ಹೆಸರಿನ ಪಟ್ಟಿಯಿಂದ ಬೇರೆ ಕಡತದಲ್ಲಿಟ್ಟು ಸಂಖ್ಯೆಯಿಂದ ಜೋಡಿಸಿ. ಬೇಕಾದ್ದು ಇಷ್ಟೇ: ಮನೆಯವರ ಸಂಖ್ಯೆ, ವಯಸ್ಸು, ಲಿಂಗ, ಬಸುರಿ ಅಥವಾ ಬಾಣಂತಿ, ಅಂಗವೈಕಲ್ಯ, ಒಂಟಿ ಮಕ್ಕಳು, ಮಾಡುತ್ತಿದ್ದ ಕಸುಬು. ಒಬ್ಬ ಗಂಡಸಿಗೆ ಇಬ್ಬರು ಹೆಂಡಿರಿದ್ದರೆ ಇಬ್ಬರನ್ನೂ ಬೇರೆ ಬೇರೆ ಮನೆ ಎಂದೇ ಬರೆಯಿರಿ, ಇಲ್ಲದಿದ್ದರೆ ಕಿರಿಯವಳ ಮಕ್ಕಳು ಅರೆಹೊಟ್ಟೆ. ಬರೆಯುವವರನ್ನೂ ದುಭಾಷಿಗಳನ್ನೂ ಒಂದೇ ಗುಂಪಿನಿಂದ ತೆಗೆದುಕೊಳ್ಳಬೇಡಿ. ದುಭಾಷಿಯ ಮಾತಿನ ಧಾಟಿ ಕೇಳಿದೊಡನೆ ಬಾಯಿ ಮುಚ್ಚಿಕೊಳ್ಳುವವರು ಇರುತ್ತಾರೆ; ಉತ್ತರಗಳು ತೀರಾ ಚಿಕ್ಕದಾಗಿವೆ, ಎಲ್ಲರದೂ ಒಂದೇ ಥರ ಇದೆ ಎನಿಸಿದರೆ ಮೊದಲು ದುಭಾಷಿಯನ್ನು ಬದಲಿಸಿ ನೋಡಿ.

ನೀರು, ಶೌಚ, ಪಡಿತರ: ಲೆಕ್ಕ ತಪ್ಪುವ ಜಾಗಗಳು

ಗೋಮಾದಲ್ಲಿ ಮೊದಲ ತಿಂಗಳಲ್ಲೇ ಸುಮಾರು 50,000 ಜನ ಸತ್ತರು, ಬಹುಪಾಲು ಕಾಲರಾ ಮತ್ತು ಭೇದಿಯಿಂದ. ನೆಲ ಜ್ವಾಲಾಮುಖಿಯ ಬಂಡೆ, ಗುಂಡಿ ತೋಡಲಾಗದು, ನೀರು ಸಾಲದು. ದುಡಿಮೆಯ ಮಾತು ಆಡಲು ಜನ ಬದುಕಿರಬೇಕು.

ನೀರು ತಲೆಗೆ ದಿನಕ್ಕೆ 15 ಲೀಟರ್. 5,000 ಜನರಿಗೆ ದಿನಕ್ಕೆ 75,000 ಲೀಟರ್. ನಲ್ಲಿಯೊಂದಕ್ಕೆ 250 ಜನರ ಲೆಕ್ಕದಲ್ಲಿ 20 ನಲ್ಲಿ, ಮನೆಯಿಂದ 500 ಮೀಟರಿನೊಳಗೆ, ಸಾಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು. ಶೌಚಾಲಯ ಮೊದಲಿಗೆ 50 ಜನರಿಗೊಂದು, ಆದಷ್ಟು ಬೇಗ 20 ಜನರಿಗೊಂದು. ಅಂದರೆ ಮೊದಲು 100, ಆಮೇಲೆ 250. ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲದಿಂದ ಒಂದೂವರೆ ಮೀಟರ್ ಮೇಲೆ. ಒಳಗಿನಿಂದ ಹಾಕುವ ಚಿಲಕ ಮತ್ತು ರಾತ್ರಿ ಬೆಳಕು ಇಲ್ಲದ ಶೌಚಾಲಯವನ್ನು ಹೆಂಗಸರು ಕತ್ತಲಾದ ಮೇಲೆ ಬಳಸುವುದಿಲ್ಲ. ಅದನ್ನು ಎಣಿಕೆಗೆ ಸೇರಿಸಬೇಡಿ.

ಕ್ಲೋರಿನ್ ಹಾಕುವಾಗ ಕೈ ಅಂದಾಜು ಬೇಡ. ಶೇ. 65ರಿಂದ 70 ಕ್ಲೋರಿನ್ ಇರುವ ಪುಡಿಯನ್ನು ಒಂದು ಲೀಟರ್ ನೀರಿಗೆ 15 ಗ್ರಾಂ ಕಲಸಿದರೆ ಶೇ. 1ರ ದ್ರಾವಣ. ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಇರಲಿ. ನಾಲ್ಕು ಬಕೆಟ್‌ಗಳಲ್ಲಿ ತಲಾ 20 ಲೀಟರ್ ನೀರು ತುಂಬಿ, ಕ್ರಮವಾಗಿ 1, 1.5, 2 ಮತ್ತು 2.5 ಮಿಲಿಲೀಟರ್ ದ್ರಾವಣ ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಉಳಿಕೆ ಕ್ಲೋರಿನ್ ಅಳೆಯಿರಿ. ಲೀಟರಿಗೆ 0.5 ಮಿಲಿಗ್ರಾಂ ಸಮೀಪ ಉಳಿದ ಬಕೆಟ್ಟಿನ ಪ್ರಮಾಣವನ್ನು ದೊಡ್ಡ ಟ್ಯಾಂಕಿಗೆ ಏರಿಸಿ: ಬಕೆಟ್ಟಿಗೆ 2 ಮಿಲಿಲೀಟರ್ ಸರಿಹೋದರೆ 10,000 ಲೀಟರ್ ಟ್ಯಾಂಕಿಗೆ ಒಂದು ಲೀಟರ್. ಮಳೆ ಬಂದು ನೀರು ಕದಡಿದ ದಿನ ಈ ಪರೀಕ್ಷೆ ಮತ್ತೆ ಮಾಡಲೇಬೇಕು, ಏಕೆಂದರೆ ಕೆಸರು ಕ್ಲೋರಿನ್ನನ್ನು ನುಂಗಿಬಿಡುತ್ತದೆ. ನಲ್ಲಿಯಲ್ಲಿ ಅಳೆದು ಸುಮ್ಮನಾಗುವುದು ಎಲ್ಲೆಡೆಯ ತಪ್ಪು; ಕೊಳಕು ಕೊಡದಲ್ಲಿ ಆರು ಗಂಟೆ ಇಟ್ಟ ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ಗುಡಾರದೊಳಗಿನ ಕೊಡದಲ್ಲೇ ಅಳೆಯಿರಿ. ಅಲ್ಲಿ ಕನಿಷ್ಠ 0.2 ಇರಬೇಕು.

ಪಡಿತರ ತಲೆಗೆ ದಿನಕ್ಕೆ 2,100 ಕಿಲೊಕ್ಯಾಲರಿ. ರೂಢಿಯಲ್ಲಿರುವ ಒಂದು ಮಾದರಿ: ಧಾನ್ಯ 400 ಗ್ರಾಂ, ಬೇಳೆಕಾಳು 60, ಎಣ್ಣೆ 25, ಪೋಷಕಾಂಶ ಸೇರಿಸಿದ ಹಿಟ್ಟು 50, ಸಕ್ಕರೆ 15, ಅಯೋಡಿನ್ ಉಪ್ಪು 15ರವರೆಗೆ. 5,000 ಜನರಿಗೆ ಮೂವತ್ತು ದಿನಕ್ಕೆ ಧಾನ್ಯವೇ 60 ಟನ್, ಬೇಳೆ 9 ಟನ್, ಎಣ್ಣೆ 3,750 ಕಿಲೊ. ಕಾಗದದ ಲೆಕ್ಕ ಸರಿಯಿದ್ದೂ ಹೊಟ್ಟೆ ತುಂಬದಿರಲು ಸಾಮಾನ್ಯ ಕಾರಣ ಗಿರಣಿ. ಇಡೀ ಕಾಳು ಕೊಟ್ಟು ಬೀಸುವ ದುಡ್ಡು ಕೊಡದಿದ್ದರೆ, ಬೀಸಿಸಲು ಕಾಳನ್ನೇ ಮಾರುತ್ತಾರೆ. ಒಂದೋ ಹಿಟ್ಟು ಕೊಡಿ, ಇಲ್ಲವೇ ಬೀಸುವ ಕೂಲಿಯ ಲೆಕ್ಕ ಸೇರಿಸಿ, ಇಲ್ಲವೇ ಶಿಬಿರದೊಳಗೆ ಗಿರಣಿ ಹಾಕಿಸಿ. ಮೂರನೆಯದು ಒಂದೆರಡು ಮನೆಗೆ ದುಡಿಮೆಯೂ ಆಗುತ್ತದೆ. ಅಳೆಯುವ ಡಬ್ಬವನ್ನು ಪ್ರತಿ ಹಂಚಿಕೆಯ ಬೆಳಿಗ್ಗೆ ತಕ್ಕಡಿಯಲ್ಲಿ ಪರೀಕ್ಷಿಸಿ, ಜನರ ಕಣ್ಣೆದುರಿಗೇ.

ಪಡಿತರ ಸಂತೆಗೆ ಬಂದರೆ ಕಳ್ಳತನ ಎಂದು ಕೂಗಾಡಬೇಡಿ. ಏನನ್ನು ಮಾರಿ ಏನನ್ನು ಕೊಂಡರು ಎಂದು ವಿಚಾರಿಸಿ. ಎಣ್ಣೆ ಮಾರಿ ಸೌದೆ ಕೊಂಡಿದ್ದರೆ ನೀವು ಉರುವಲನ್ನು ಮರೆತಿದ್ದೀರಿ. ಸೌದೆಗೆಂದು ದೂರ ಹೋದ ಹೆಂಗಸರ ಮೇಲೆ ಹಲ್ಲೆ ನಡೆಯುವುದು, ಸುತ್ತಲಿನ ಕಾಡು ಬೋಳಾಗಿ ಸ್ಥಳೀಯರು ಸಿಟ್ಟಾಗುವುದು, ಎರಡಕ್ಕೂ ಮೂಲ ಇದೇ. ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಂದಾಗ ಗುಡ್ಡಗಳು ಬೇಗನೆ ಬೋಳಾದವು. ಮರುವರ್ಷದಿಂದ ಅಡುಗೆ ಅನಿಲ ಹಂಚಿದ ಮೇಲೆ ಸೌದೆಯ ಬೇಡಿಕೆ ಇಳಿಯಿತು.

ಸುತ್ತಲಿನ ಊರಿನವರ ಪಾಲು

ಶಿಬಿರ ಬಂದ ಮೇಲೆ ಸುತ್ತಲಿನ ಬಡವರಿಗೆ ಕೂಲಿ ಇಳಿಯುತ್ತದೆ, ಬಾಡಿಗೆ ಏರುತ್ತದೆ, ಸೌದೆ ತುಟ್ಟಿಯಾಗುತ್ತದೆ. ಹೊರಗಿನಿಂದ ಬಂದವರಿಗೆ ದಿನಾ ಲಾರಿ ಬರುವುದನ್ನು ಅವರು ನೋಡುತ್ತಿರುತ್ತಾರೆ. ಉಗಾಂಡಾದಲ್ಲಿ ನಿರಾಶ್ರಿತರ ಯೋಜನೆಗಳ ಸುಮಾರು ಶೇ. 30 ಭಾಗವನ್ನು ಸ್ಥಳೀಯರಿಗೆ ಮೀಸಲಿಡುವ ರೂಢಿಯಿದೆ. ಈ ಪಾಲನ್ನು ಮೊದಲ ತಿಂಗಳಿಂದಲೇ ಶುರು ಮಾಡಿ. ಕಲ್ಲು ತೂರಾಟವಾದ ಮೇಲೆ ಕೊಟ್ಟರೆ ಕಲ್ಲಿಗೆ ಬೆಲೆ ಕಟ್ಟಿದಂತಾಗುತ್ತದೆ. ಕೊಡುವಾಗ ಬಿಡಿಬಿಡಿ ಸಾಮಾನಿಗಿಂತ ಇಬ್ಬರೂ ಬಳಸುವಂಥದ್ದು ಮೇಲು: ಕೊಳವೆ ಬಾವಿ, ಆಸ್ಪತ್ರೆಯ ಕೊಠಡಿ, ಸಂತೆಯ ಚಪ್ಪರ, ರಸ್ತೆಯ ಮೋರಿ.

ಶಿಬಿರದೊಳಗಿನ ಕೆಲಸಗಳಿಗೆ, ಎಂದರೆ ಗುಂಡಿ ತೋಡುವುದು, ಕಸ ಎತ್ತುವುದು, ಚೀಲ ಇಳಿಸುವುದು ಇವಕ್ಕೆ, ನಿರಾಶ್ರಿತರನ್ನೇ ಕೂಲಿ ಕೊಟ್ಟು ಕರೆಯಿರಿ. ಕೂಲಿಯ ದರ ಸೂಕ್ಷ್ಮ ವಿಷಯ. ಕಾನೂನಿನ ಕನಿಷ್ಠ ಕೂಲಿಗಿಂತ ಕೆಳಗಿಳಿಯಬಾರದು, ಹೊಲದ ಕೂಲಿಗಿಂತ ಮೇಲೇರಿದರೆ ಸುಗ್ಗಿಯಲ್ಲಿ ರೈತರಿಗೆ ಆಳು ಸಿಗದೆ ಜಗಳ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಲೆಕ್ಕ ಇದು. ಅಕ್ಕಪಕ್ಕದ ಸಂಸ್ಥೆಗಳೆಲ್ಲ ಒಂದೇ ದರಕ್ಕೆ ಒಪ್ಪಿ, ಬೋರ್ಡಿನಲ್ಲಿ ಬರೆದು ಹಾಕಿ. ಹದಿನೈದು ದಿನಕ್ಕೊಮ್ಮೆ ತಂಡ ಬದಲಿಸಿ. ಮೇಸ್ತ್ರಿಯನ್ನು ಬದಲಿಸಲು ಮರೆತರೆ ಆತನೇ ಹೊಸ ಮುಖಂಡನಾಗಿ, ಪ್ರತಿ ಕೂಲಿಯಿಂದಲೂ ಪಾಲು ಕೀಳಲು ಶುರು ಮಾಡುತ್ತಾನೆ.

ದುಡ್ಡೋ ಸಾಮಾನೋ

ಸಂತೆ ನಡೆಯುತ್ತಿದ್ದರೆ ದುಡ್ಡು ಕೊಡುವುದೇ ಒಳ್ಳೆಯದು: ಸಾಗಾಟದ ಖರ್ಚು ಉಳಿಯುತ್ತದೆ, ವ್ಯಾಪಾರಿಗೆ ಗಿರಾಕಿ ಸಿಗುತ್ತದೆ, ಮನೆಯವರು ತಮಗೆ ಬೇಕಾದ್ದನ್ನೇ ಕೊಳ್ಳುತ್ತಾರೆ. ಆದರೆ ಜನಾಂಗೀಯ ಹಿಂಸೆಯ ನಂತರದ ಸಂತೆ ಎಷ್ಟೋ ಸಲ ಎರಡಾಗಿ ಒಡೆದಿರುತ್ತದೆ. ಅದಕ್ಕೇ ಹತ್ತು ಹದಿನೈದು ಸಾಮಾನು ಆರಿಸಿ, ಒಂದೊಂದಕ್ಕೂ ಐದು ವ್ಯಾಪಾರಿಗಳನ್ನು ವಾರಕ್ಕೊಮ್ಮೆ ಕೇಳಿ: ಇವತ್ತಿನ ಬೆಲೆ ಎಷ್ಟು, ಗಲಭೆಗೆ ಮೊದಲು ಎಷ್ಟಿತ್ತು, ದಾಸ್ತಾನು ಎಷ್ಟು ದಿನಕ್ಕಿದೆ, ಗಿರಾಕಿ ಎರಡರಷ್ಟಾದರೆ ಎಷ್ಟು ದಿನದಲ್ಲಿ ತರಿಸಬಲ್ಲಿರಿ, ಸಗಟು ವ್ಯಾಪಾರಿ ಸಾಲ ಕೊಡುತ್ತಾನೆಯೇ, ದಾರಿಯಲ್ಲಿ ಎಷ್ಟು ಕಡೆ ದುಡ್ಡು ಕೀಳುತ್ತಾರೆ. ನಿಜವಾದ ಉತ್ತರ ಸಿಗುವುದು ಕೊನೆಯ ಎರಡು ಪ್ರಶ್ನೆಗಳಿಗೆ. ಇವಲ್ಲದೆ ಇನ್ನೊಂದನ್ನು ಕೇಳದೆ ಕಣ್ಣಿನಿಂದಲೇ ತಿಳಿಯಬೇಕು: ಶಿಬಿರದ ಹೆಂಗಸು ಆ ಅಂಗಡಿಗೆ ಒಬ್ಬಳೇ ಹೋಗಿ ಬರುತ್ತಾಳೆಯೇ? ಹೋಗಲಾರಳಾದರೆ ಬೆಲೆ ಅಗ್ಗವಿದ್ದೂ ಆ ಸಂತೆ ಅವಳ ಪಾಲಿಗೆ ಇಲ್ಲ.

ಮೊತ್ತ ನಿರ್ಧರಿಸಲು ಒಂದು ಕುಟುಂಬದ ತಿಂಗಳ ಕನಿಷ್ಠ ಖರ್ಚಿನ ಬುಟ್ಟಿಗೆ ಬೆಲೆ ಕಟ್ಟಿ: ಆಹಾರ, ಉರುವಲು, ಸಾಬೂನು, ಬಾಡಿಗೆ, ಔಷಧ, ಶಾಲೆ, ಫೋನ್ ಕರೆನ್ಸಿ. ಅದರಿಂದ ಮನೆಯ ಸ್ವಂತ ದುಡಿಮೆಯನ್ನೂ ಬೇರೆಯವರು ಕೊಡುತ್ತಿರುವುದನ್ನೂ ಕಳೆಯಿರಿ, ಉಳಿದದ್ದು ನಿಮ್ಮ ಪಾಲು. ಮೊಬೈಲ್ ಹಣ ಕಳಿಸುವಾಗ ಸಿಮ್ ಯಾರ ಹೆಸರಿನಲ್ಲಿದೆ ನೋಡಿ. ಗುರುತಿನ ಚೀಟಿ ಸುಟ್ಟುಹೋದವರು ಬೇರೊಬ್ಬರ ಹೆಸರಿನ ಸಿಮ್ ಹಿಡಿದಿರುತ್ತಾರೆ, ಆ ಬೇರೊಬ್ಬರು ಕಮಿಷನ್ ಕೇಳುತ್ತಾರೆ. ಕೈಗೆ ನಗದು ಕೊಡುವುದಾದರೆ ದಿನ ಮತ್ತು ಜಾಗ ಹಿಂದಿನ ಸಂಜೆಯಷ್ಟೇ ತಿಳಿಸಿ, ಸಣ್ಣ ಗುಂಪುಗಳಲ್ಲಿ ಕರೆಯಿರಿ, ಮಧ್ಯಾಹ್ನದೊಳಗೆ ಮುಗಿಸಿ. ಎರಡು ಮೂರು ವಾರ ಬಿಟ್ಟು ಕೆಲವು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಪೂರ್ತಿ ಮೊತ್ತ ಕೈಸೇರಿತೇ, ಯಾರಿಗಾದರೂ ಪಾಲು ಕೊಡಬೇಕಾಯಿತೇ ಎಂದು ವಿಚಾರಿಸಿ. ಹಂಚಿದ ಸಿಬ್ಬಂದಿಯನ್ನೇ ಈ ವಿಚಾರಣೆಗೆ ಕಳಿಸಬಾರದು. ನೆರವು ಪುಕ್ಕಟೆ, ಅದಕ್ಕಾಗಿ ಹಣವನ್ನಾಗಲಿ ಮೈಯನ್ನಾಗಲಿ ಯಾರೂ ಕೇಳುವಂತಿಲ್ಲ ಎಂಬ ಮಾತನ್ನು ಪ್ರತಿ ಹಂಚಿಕೆಯಲ್ಲೂ ಜನರ ಭಾಷೆಯಲ್ಲಿ ಜೋರಾಗಿ ಹೇಳಿ. ದೂರು ಪೆಟ್ಟಿಗೆಯೊಂದನ್ನು ನೇತುಹಾಕಿದರೆ ಸಾಲದು; ಓದು ಬಾರದವರ ದೂರು ಕೇಳಲು ಮಹಿಳಾ ಸಿಬ್ಬಂದಿಯೊಬ್ಬರು ಬೇರೆ ಜಾಗದಲ್ಲಿ ಕೂತಿರಬೇಕು.

ಕಸುಬು: ಹೊಲಿಗೆ ಯಂತ್ರದ ಲೆಕ್ಕ

ದುಡಿಮೆ ಎಂದೊಡನೆ ಹೆಂಗಸರಿಗೆ ಹೊಲಿಗೆ, ಗಂಡಸರಿಗೆ ಮರಗೆಲಸ ಎಂದು ಬರೆದುಬಿಡುವ ಚಾಳಿ ಇದೆ. ಯೋಜನಾ ಪತ್ರದಲ್ಲಿ ಚೆಂದ ಕಾಣುತ್ತದೆ, ಫೋಟೋಗೂ ಸರಿ. ಲೆಕ್ಕ ಹಾಕಿ ನೋಡಿ. ಶಿಬಿರದಲ್ಲಿ 1,000 ಮನೆ, ಮನೆಯೊಂದು ವರ್ಷಕ್ಕೆ ಆರು ಬಟ್ಟೆ ಹೊಲಿಸುತ್ತದೆ ಎಂದಿಟ್ಟುಕೊಳ್ಳಿ: 6,000 ಬಟ್ಟೆ. ದರ್ಜಿಯೊಬ್ಬ ದಿನಕ್ಕೆ ನಾಲ್ಕರಂತೆ 250 ದಿನ ದುಡಿದರೆ 1,000 ಬಟ್ಟೆ. ಆರು ದರ್ಜಿಗಳಿಗೆ ಕೆಲಸವಿದೆ. ನೀವು ನಲವತ್ತು ಜನರಿಗೆ ಕಲಿಸಿ ನಲವತ್ತು ಯಂತ್ರ ಕೊಟ್ಟರೆ ಮೂವತ್ತನಾಲ್ಕು ಯಂತ್ರ ಸಂತೆಗೆ ಬರುತ್ತವೆ, ಅದೂ ಒಂದೇ ತಿಂಗಳಲ್ಲಿ, ಅರ್ಧ ಬೆಲೆಗೆ. ಹೊರಗಿನ ಊರಿನ ಗಿರಾಕಿಯನ್ನೂ ಲೆಕ್ಕಕ್ಕೆ ಹಿಡಿಯಬಹುದು, ಆದರೆ ಅಲ್ಲಿನ ದರ್ಜಿಗಳ ಜೊತೆ ಮೊದಲು ಕೂತು ಮಾತಾಡಿದ ಮೇಲೆ.

ಅದಕ್ಕಾಗಿ ಸಂತೆಯಿಂದ ಹೊರಟು ಕಸುಬಿಗೆ ಬನ್ನಿ. ಸುತ್ತಲ ಸಂತೆಯಲ್ಲಿ ಏನು ಸಿಗುತ್ತಿಲ್ಲ, ಯಾವ ಕೆಲಸಕ್ಕೆ ಜನ ದೂರದ ಪೇಟೆಗೆ ಹೋಗುತ್ತಾರೆ ಎಂದು ಎರಡು ವಾರ ನೋಡಿ: ಮೋಟಾರು ಬೈಕು ರಿಪೇರಿ, ಫೋನ್ ಚಾರ್ಜಿಂಗ್, ಹಿಟ್ಟಿನ ಗಿರಣಿ, ಕ್ಷೌರ, ವೆಲ್ಡಿಂಗ್, ತರಕಾರಿ, ಕೋಳಿ. ಆಮೇಲೆ ನೋಂದಣಿಯಲ್ಲಿ ಬರೆದ ಹಳೆಯ ಕಸುಬುಗಳ ಜೊತೆ ಹೊಂದಿಸಿ. ಜನ ಮೂರು ಬಗೆಯಾಗುತ್ತಾರೆ. ಕಸುಬು ಗೊತ್ತಿದ್ದು ಉಪಕರಣ ಕಳಕೊಂಡವರು ಒಂದು ಬಗೆ. ಇವರಿಗೆ ತರಬೇತಿ ಬೇಡ, ಪೆಟ್ಟಿಗೆ ಕೊಡಿ, ಮುಂದಿನ ವಾರ ದುಡಿಯುತ್ತಾರೆ. ಕಸುಬೂ ಉಪಕರಣವೂ ಇದ್ದು ಬಂಡವಾಳ ಇಲ್ಲದವರು ಎರಡನೆಯ ಬಗೆ. ಜಮೀನೇ ಕಸುಬಾಗಿದ್ದು ಜಮೀನು ಇಲ್ಲವಾದವರು ಮೂರನೆಯ ಬಗೆ. ನಿಜಕ್ಕೂ ತರಬೇತಿ ಬೇಕಾದ್ದು ಇವರಿಗೆ, ಅದೂ ನುರಿತ ಕುಶಲಕರ್ಮಿಯ ಅಂಗಡಿಯಲ್ಲೇ ಕೂತು ಕಲಿಯುವ ತರಬೇತಿ. ಅಂಗಡಿಯವನಿಗೆ ಕಲಿಸುವ ಕೂಲಿ, ಕಲಿಯುವವನಿಗೆ ಊಟದ ಖರ್ಚು. ಹೆಂಡತಿ ಮಕ್ಕಳಿರುವವನು ದಿನಗೂಲಿ ಬಿಟ್ಟು ಪುಕ್ಕಟೆ ಕಲಿಯಲು ಬರುವುದಿಲ್ಲ. ತರಗತಿ ಖಾಲಿಯಾಗುವುದಕ್ಕೆ ಆಸಕ್ತಿಯ ಕೊರತೆ ಕಾರಣವಲ್ಲ.

ಪೆಟ್ಟಿಗೆ ಪೂರ್ತಿ ಇರಬೇಕು. ಹೊಲಿಗೆ ಯಂತ್ರವೆಂದರೆ ಕಾಲಿನಿಂದ ತುಳಿಯುವಂಥದ್ದು, ಹತ್ತು ಬಾಬಿನ್, 14 ಮತ್ತು 16ನೇ ನಂಬರಿನ ಸೂಜಿಗಳು, ಹೆಚ್ಚಿನ ಬೆಲ್ಟ್ ಒಂದು, ಯಂತ್ರದ ಎಣ್ಣೆ, ಕತ್ತರಿ, ಟೇಪು, ಮೊದಲ ತಿಂಗಳಿಗಾಗುವಷ್ಟು ದಾರ ಮತ್ತು ಬಟ್ಟೆ. ಯಂತ್ರ ಮಾತ್ರ ಕೊಟ್ಟರೆ ಸೂಜಿ ಮುರಿದ ದಿನ ಕೆಲಸ ನಿಲ್ಲುತ್ತದೆ. ಸ್ಥಳೀಯ ಅಂಗಡಿಯಲ್ಲಿ ಬಿಡಿಭಾಗ ಸಿಗುವ ಮಾದರಿಯನ್ನೇ ಕೊಳ್ಳಿ, ದೂರದಿಂದ ತರಿಸಿದ್ದು ಎಷ್ಟೇ ಚೆನ್ನಾಗಿರಲಿ. ಅಂಗಡಿಗೆ ಬಂಡವಾಳ ಕೊಡುವಾಗ ಎರಡು ಕಂತು ಮಾಡಿ: ಮೊದಲು ಶೇ. 60, ವ್ಯಾಪಾರ ಕಣ್ಣಿಗೆ ಕಂಡ ಮೇಲೆ ಉಳಿದದ್ದು. ಮೊದಲ ಕಂತು ಮದ್ದಿಗೋ ಹಳೆಯ ಸಾಲಕ್ಕೋ ಹೋಗಿದ್ದರೆ ಅದು ಮೋಸವಲ್ಲ, ಪಡಿತರದ ಹಂತದಲ್ಲೇ ನಿಮ್ಮ ಲೆಕ್ಕ ಸಾಲದೆ ಬಂದಿದೆ.

ಒಂದೇ ಸಂಸ್ಥೆ ಒಂದು ಕೈಯಲ್ಲಿ ಪುಕ್ಕಟೆ ಕೊಟ್ಟು ಇನ್ನೊಂದು ಕೈಯಲ್ಲಿ ಸಾಲ ವಸೂಲಿ ಮಾಡಬಾರದು. ಜನ ಸಾಲವನ್ನೂ ದಾನವೆಂದೇ ತಿಳಿಯುತ್ತಾರೆ, ತಿಳಿಯುವುದರಲ್ಲಿ ಅವರ ತಪ್ಪೂ ಇಲ್ಲ. ಸಾಲಕ್ಕೆ ಮೊದಲು ಉಳಿತಾಯ ಗುಂಪು ಬರಲಿ. 1991ರಲ್ಲಿ ನೈಜರ್ ದೇಶದಲ್ಲಿ ಹುಟ್ಟಿದ ಮಾದರಿ ಈಗ ಎಷ್ಟೋ ಶಿಬಿರಗಳಲ್ಲಿದೆ: 15ರಿಂದ 25 ಜನ, ವಾರಕ್ಕೊಂದು ಸಭೆ, ಸಭೆಗೆ ಒಬ್ಬರಿಂದ ಒಂದರಿಂದ ಐದು ಪಾಲು. ಮೂರು ಬೀಗದ ಕಬ್ಬಿಣದ ಪೆಟ್ಟಿಗೆ, ಮೂರು ಕೀಲಿಕೈ ಮೂವರಲ್ಲಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ತನ್ನ ಉಳಿತಾಯದ ಮೂರು ಪಟ್ಟಿಗಿಂತ ಹೆಚ್ಚು ಯಾರಿಗೂ ಸಾಲವಿಲ್ಲ. ಆವರ್ತ ಮುಗಿದಾಗ ಎಲ್ಲವನ್ನೂ ಬಡ್ಡಿ ಸಮೇತ ಪಾಲಿನ ಪ್ರಕಾರ ಹಂಚಿ ಮತ್ತೆ ಸೊನ್ನೆಯಿಂದ ಶುರು. ನೆಲೆಸಿದ ಹಳ್ಳಿಗಳಲ್ಲಿ ಆವರ್ತ ಒಂಬತ್ತರಿಂದ ಹನ್ನೆರಡು ತಿಂಗಳು. ನಾಳೆ ಎಲ್ಲಿರುತ್ತೇವೋ ಗೊತ್ತಿಲ್ಲದವರಿಗೆ ಆರು ತಿಂಗಳು ಸಾಕು. ಸದಸ್ಯರನ್ನು ಅವರೇ ಆರಿಸಿಕೊಳ್ಳಲಿ. ಸೌಹಾರ್ದದ ಹೆಸರಿನಲ್ಲಿ ಎರಡೂ ಕಡೆಯವರನ್ನು ಒಂದೇ ಪೆಟ್ಟಿಗೆಗೆ ಕಟ್ಟಿಹಾಕಿದರೆ, ಮೊದಲ ಸಾಲ ಬಾಕಿ ಉಳಿದ ದಿನವೇ ಹಳೆಯ ಗಾಯ ಬಾಯಿ ಬಿಡುತ್ತದೆ. ಎರಡು ಗುಂಪುಗಳು ಬೇರೆ ಬೇರೆಯಾಗಿದ್ದುಕೊಂಡೇ ಒಂದೇ ಗಿರಣಿ, ಒಂದೇ ಕಾಲುವೆ, ಒಂದೇ ಸಂತೆ ಚಪ್ಪರವನ್ನು ಬಳಸುತ್ತಾ ವ್ಯವಹಾರಕ್ಕೆ ಒಗ್ಗಿಕೊಳ್ಳುವುದು ನಿಧಾನದ ದಾರಿ, ಆದರೆ ಬಾಳುವ ದಾರಿ. ಆ ಚಪ್ಪರಕ್ಕೆ ಶಾಂತಿಯ ಬ್ಯಾನರ್ ಕಟ್ಟಬೇಡಿ; ಅಲ್ಲಿಗೆ ಬರುವವರನ್ನು ಅದು ಗುರಿಯಾಗಿಸುತ್ತದೆ.

ಬಿತ್ತನೆ

ಜಮೀನು ಸಿಕ್ಕ ಕಡೆ ಬೀಜ ಬಿತ್ತನೆಗೆ ಎರಡು ಮೂರು ವಾರ ಮೊದಲೇ ಕೈಸೇರಬೇಕು. ತಡವಾಗಿ ಬಂದ ಬೀಜ ಒಲೆಗೇ ಹೋಗುತ್ತದೆ. ಕೊಳ್ಳುವ ಮೊದಲು ಪ್ರತಿ ಲಾಟಿನಿಂದ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆರಳಿನಲ್ಲಿ ಏಳರಿಂದ ಹತ್ತು ದಿನ ಒದ್ದೆ ಆರದಂತೆ ಇಟ್ಟು ಮೊಳಕೆ ಎಣಿಸಿ. ಎಂಬತ್ತರ ಮೇಲಿದ್ದರೆ ಕೊಳ್ಳಿ, ಅರವತ್ತರ ಕೆಳಗಿದ್ದರೆ ಲಾರಿ ವಾಪಸ್ಸು ಕಳಿಸಿ. ಬೀಜದ ಜೊತೆ ಕೊಯ್ಲಿನವರೆಗಿನ ಪಡಿತರ ಇರಲೇಬೇಕು. ಔಷಧ ಲೇಪಿಸಿದ ಬೀಜವಾದರೆ ತಿನ್ನಬಾರದೆಂದು ಚಿತ್ರದ ಮೂಲಕ ತೋರಿಸಿ, ಬಾಯಲ್ಲೂ ಹೇಳಿ. ಕದನ ನಡೆದ ನೆಲದಲ್ಲಿ ನೆಲಬಾಂಬಿನ ತಪಾಸಣೆ ಮುಗಿದ ಕಾಗದ ಬರುವವರೆಗೆ ಗುದ್ದಲಿಯನ್ನೂ ಹಂಚಬೇಡಿ. ಗುದ್ದಲಿ ಕೈಗೆ ಬಂದರೆ ರೈತ ಕಾಯುವುದಿಲ್ಲ.

ಪರವಾನಗಿ

2016ರಲ್ಲಿ ಜೋರ್ಡಾನ್, ದಾನಿ ದೇಶಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸಿರಿಯಾದ ನಿರಾಶ್ರಿತರಿಗೆ 2 ಲಕ್ಷ ಕೆಲಸದ ಅವಕಾಶಗಳ ಗುರಿ ಇಟ್ಟುಕೊಂಡಿತು. ಆರಂಭದಲ್ಲಿ ಪರವಾನಗಿಗೆ ಬಂದವರು ನಿರೀಕ್ಷೆಗಿಂತ ಕಡಿಮೆ. ಪರವಾನಗಿ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕುವಂಥದ್ದು, ತೆರೆದ ಕ್ಷೇತ್ರಗಳು ಕೆಲವೇ, ಪರವಾನಗಿ ಪಡೆದರೆ ನೆರವು ನಿಂತುಹೋಗುತ್ತದೆ ಎಂಬ ಭಯ ಬೇರೆ. ಹೊಲಗೆಲಸಕ್ಕೆ ಮಾಲೀಕನ ಬದಲು ಸಹಕಾರ ಸಂಘಗಳ ಮೂಲಕ ಪರವಾನಗಿ ಕೊಟ್ಟಾಗ ದಾರಿ ಸಡಿಲವಾಯಿತು. ನಿಮ್ಮ ಕಡೆಯ ಅಧಿಕಾರಿಗಳ ಮುಂದೆ ಕೂತಾಗ ಕೇಳಬೇಕಾದ್ದು ಇದನ್ನೇ: ಸಂಘದ ಮೂಲಕ ಪರವಾನಗಿ, ಮಾಲೀಕನನ್ನು ಬದಲಿಸುವ ಸ್ವಾತಂತ್ರ್ಯ, ದುಡಿದರೂ ಮೊದಲ ಕೆಲವು ತಿಂಗಳು ಪಡಿತರ ಕಡಿಯುವುದಿಲ್ಲ ಎಂಬ ಲಿಖಿತ ಭರವಸೆ.

ಬಿಟ್ಟುಬಂದ ಮನೆ

ಮರಳಬೇಕೋ ಬೇಡವೋ ಎಂಬುದು ಆ ಮನೆಯವರ ನಿರ್ಧಾರ, ಆದರೆ ಆಸ್ತಿಯ ಹಕ್ಕನ್ನು ಮೊದಲ ತಿಂಗಳಿಂದಲೇ ಕಾಪಾಡಬೇಕು. ನೋಂದಣಿ ಮುಗಿದೊಡನೆ ಪುರಾವೆ ಸಂಗ್ರಹಿಸಲು ಒಬ್ಬರನ್ನು ಕೂರಿಸಿ. ಹಕ್ಕುಪತ್ರ ಸುಟ್ಟಿದ್ದರೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು, ಹಳೆಯ ಮದುವೆ ಫೋಟೋದಲ್ಲಿ ಕಾಣುವ ಮನೆಯ ಬಾಗಿಲು, ಗಡಿ ಗುರುತಿಸಿ ಕೈಯಲ್ಲಿ ಬರೆದ ನಕ್ಷೆ, ಅಕ್ಕಪಕ್ಕದವರ ಹೇಳಿಕೆ, ಎಲ್ಲವೂ ಮುಂದೆ ಲೆಕ್ಕಕ್ಕೆ ಬರಬಹುದು. ನೆನಪು ಹಸಿಯಾಗಿರುವಾಗಲೇ ಬರೆದಿಡಿ. ವಿಧವೆಯರ ಹೆಸರನ್ನು ಗಂಡನ ಹೆಸರಿನ ಪಕ್ಕದಲ್ಲಿ ಬರೆಸಿ. ಮರಳಿದಾಗ ಮೊದಲು ಜಗಳ ತೆಗೆಯುವವರು ಮೈದುನರೇ ಆಗಿರುತ್ತಾರೆ. ಬಲವಂತದಿಂದ ಹೆದರಿಸಿ ಬರೆಸಿಕೊಂಡ ಮಾರಾಟ ಪತ್ರವಿದ್ದರೆ ಅದರ ದಿನಾಂಕ, ಸಾಕ್ಷಿಗಳನ್ನೂ ದಾಖಲಿಸಿ.

ಬೋಸ್ನಿಯಾದಲ್ಲಿ ಯುದ್ಧ ಮುಗಿಸಿದ 1995ರ ಡೇಟನ್ ಶಾಂತಿ ಒಪ್ಪಂದದ ಏಳನೇ ಅನುಬಂಧ ಮನೆ ಮರಳಿ ಪಡೆಯುವ ಹಕ್ಕು ಕೊಟ್ಟಿತು. ಮೊದಲ ವರ್ಷಗಳಲ್ಲಿ ಸ್ಥಳೀಯ ಕಚೇರಿಗಳು ತಮ್ಮವರ ಅರ್ಜಿ ಮುಂದೆ, ಬೇರೆಯವರದು ಹಿಂದೆ ಇಟ್ಟು ಕಾಲ ತಳ್ಳಿದವು. 1999ರ ನಂತರ ಎಲ್ಲೆಡೆ ಒಂದೇ ನಿಯಮ ತಂದು, ಅರ್ಜಿ ಬಂದ ದಿನಾಂಕದ ಸರದಿಯಲ್ಲೇ ತೀರ್ಮಾನಿಸಬೇಕೆಂದು ಕಟ್ಟುನಿಟ್ಟು ಮಾಡಿದಾಗ ಸುಮಾರು 2 ಲಕ್ಷ ಅರ್ಜಿಗಳಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಇತ್ಯರ್ಥವಾದವು. ಆದರೂ ಮನೆಯ ಕೀಲಿಕೈ ಪಡೆದವರಲ್ಲಿ ಬಹಳಷ್ಟು ಮಂದಿ ಮನೆ ಮಾರಿ ಹೋದರು. ಆ ಊರಿನಲ್ಲಿ ಅವರಿಗೆ ಕೆಲಸವಿರಲಿಲ್ಲ, ಮಕ್ಕಳಿಗೆ ಒಗ್ಗುವ ಶಾಲೆ ಇರಲಿಲ್ಲ. ಮನೆ ಕಟ್ಟಿಸುವ ಹಣದ ಪಕ್ಕದಲ್ಲೇ ದುಡಿಮೆಯ ಹಣ ಇರಬೇಕು ಎನ್ನುವುದು ಇದಕ್ಕಾಗಿ. ಮನೆ ರಿಪೇರಿಯ ದುಡ್ಡನ್ನು ಹಂತಹಂತವಾಗಿ ಕೊಡಿ: ಪಾಯ ಮತ್ತು ಗೋಡೆ, ಆಮೇಲೆ ಸೂರು, ಕೊನೆಗೆ ಬಾಗಿಲು ಕಿಟಕಿ. ಆ ಮನೆಯಲ್ಲಿ ಈಗ ಇರುವವರೂ ಬೇರೆಡೆಯಿಂದ ಓಡಿಬಂದವರಾಗಿದ್ದರೆ ಅವರಿಗೊಂದು ಜಾಗ ತೋರಿಸದೆ ಬೀಗ ಒಡೆಸಬೇಡಿ.

ಆರು ತಿಂಗಳ ನಂತರ ಏನು ನೋಡಬೇಕು

ಎಷ್ಟು ಯಂತ್ರ ಹಂಚಿದೆವು ಎಂಬುದು ನಿಮ್ಮ ಖರ್ಚಿನ ಲೆಕ್ಕ. ಮನೆಯ ಲೆಕ್ಕ ಬೇರೆ. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಹೀಗಾಯಿತು ಎಂದು ಐದು ಪ್ರಶ್ನೆ ಕೇಳಿ: ಇಷ್ಟವಿಲ್ಲದ ಅಗ್ಗದ ಆಹಾರ ತಿಂದದ್ದು, ಊಟಕ್ಕಾಗಿ ಸಾಲ ಅಥವಾ ನೆಂಟರ ಸಹಾಯ ಕೇಳಿದ್ದು, ತುತ್ತು ಕಡಿಮೆ ಮಾಡಿದ್ದು, ಮಕ್ಕಳಿಗಾಗಿ ದೊಡ್ಡವರು ಉಪವಾಸ ಇದ್ದದ್ದು, ಊಟದ ಹೊತ್ತು ಬಿಟ್ಟದ್ದು. ಎರಡನೆಯದನ್ನು 2ರಿಂದ, ನಾಲ್ಕನೆಯದನ್ನು 3ರಿಂದ, ಉಳಿದವನ್ನು 1ರಿಂದ ಗುಣಿಸಿ ಕೂಡಿ. ಕ್ರಮವಾಗಿ 4, 2, 3, 1, 2 ದಿನವಾದರೆ 4+4+3+3+2, ಒಟ್ಟು 16. ಅತಿ ಕೆಟ್ಟದ್ದು 56. ಅದೇ ಮನೆಗಳನ್ನು ಅದೇ ತಿಂಗಳಲ್ಲಿ ಮರುವರ್ಷ ಕೇಳಿ, ಸುಗ್ಗಿಯ ತಿಂಗಳನ್ನು ಬರದ ತಿಂಗಳಿಗೆ ಹೋಲಿಸಬೇಡಿ. ಜೊತೆಗೆ ಕೊಟ್ಟ ಉಪಕರಣ ಮನೆಯಲ್ಲೇ ಇದೆಯೇ, ಸಾಲ ಇಳಿದಿದೆಯೇ, ಶಾಲೆ ಬಿಟ್ಟ ಮಗು ಇದೆಯೇ ಎಂದು ಕಣ್ಣಾರೆ ನೋಡಿ. ದುಡಿಮೆ ಚೆನ್ನಾಗಿ ನಡೆದ ಮನೆಯಲ್ಲೇ ಹಿರಿಯ ಮಗಳು ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡಿರುವುದು ಉಂಟು.

ಸಂಸ್ಥೆ ಹೊರಡುವ ದಿನಾಂಕವನ್ನು ಆರು ತಿಂಗಳು ಮೊದಲೇ ತಿಳಿಸಿ, ಪಡಿತರವನ್ನು ಒಮ್ಮೆಗೇ ಕಡಿಯದೆ ಮನೆಯ ಸ್ಥಿತಿ ನೋಡಿ ಇಳಿಸಿ. ಪಂಪು, ಗಿರಣಿ, ಚಪ್ಪರಗಳನ್ನು ಯಾವ ಸಮಿತಿಗೆ ಒಪ್ಪಿಸುತ್ತೀರೋ ಅದರ ಬ್ಯಾಂಕ್ ಖಾತೆ ಮತ್ತು ರಿಪೇರಿ ನಿಧಿ ಮೊದಲೇ ಇರಲಿ. ಕೊನೆಯ ವಾರದ ಕೆಲಸ ಪಟ್ಟಿಗಳದ್ದು. ಪ್ರತಿ ಮನೆಗೂ ಅದರ ನೋಂದಣಿ ಮತ್ತು ಆಸ್ತಿ ಪುರಾವೆಗಳ ಪ್ರತಿಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಕೊಡಿ, ಕಾನೂನು ನೆರವಿನವರಿಗೆ ಬೇಕಾದ್ದನ್ನು ಮನೆಯವರ ಒಪ್ಪಿಗೆಯ ಸಹಿ ಪಡೆದು ಒಪ್ಪಿಸಿ. ಉಳಿದ ಪುಸ್ತಕಗಳು ಎಷ್ಟು ಪ್ರತಿ ಇದ್ದವು, ಯಾರ ಲ್ಯಾಪ್‌ಟಾಪಿನಲ್ಲಿ, ಯಾರ ಫೋನಿನಲ್ಲಿ ಫೋಟೋ ಉಳಿದಿದೆ ಎಂದು ಒಂದೊಂದಾಗಿ ಗುರುತು ಹಾಕಿ ಅಳಿಸಿ. ಕಾಗದವನ್ನು ಇಬ್ಬರು ಸಾಕ್ಷಿಗಳ ಮುಂದೆ ಸುಟ್ಟು, ಅಷ್ಟನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದಿಡಿ.